ಭಾರ್ಗವ ಮನೆಯಲ್ಲಿಲ್ಲದ ಇಪ್ಪತ್ತೆಂಟು ದಿನ

ಅಕ್ಟೋಬರ್ 28, ಸೋಮವಾರ

ಬೆಳಿಗ್ಗೆಯಿಂದ ನಾಲ್ಕು ಸಲ ಅಡುಗೆಕಟ್ಟೆ ಒರೆಸಿದ್ದೇನೆ. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದೇನೋ ಅಂತ ಇದನ್ನು ತೆಗೆದೆ.

ನಿನ್ನೆ ಸಂಜೆ ನನ್ನ ಮಗನನ್ನು ಪೊಲೀಸರು ಹಿಡಿದುಕೊಂಡು ಹೋದರು. ಭಾರ್ಗವನನ್ನು! ಒಂದು ದಿನ ಯಾರ ಹತ್ತಿರವೂ ಮಾತು ಕೇಳಿಸಿಕೊಂಡವನಲ್ಲ, ಓದಿನಲ್ಲಿ ಯಾವತ್ತೂ ಮುಂದೆ. ಅಂಥವನಿಗೆ ಕೈಗೆ ಬೇಡಿ ಹಾಕಿ, ಲಂಡನ್ನಿನ ಈ ಟೂಟಿಂಗ್ ಬೀದಿಯಲ್ಲಿ, ಎದುರು ಮನೆಯವರೆಲ್ಲ ಕಿಟಕಿಯಲ್ಲಿ ನಿಂತು ನೋಡುತ್ತಿರುವಾಗ ಕಾರಿಗೆ ಹತ್ತಿಸಿದರು. ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನವಂತೆ ನಿನ್ನೆ. ಐದು ಗಂಟೆಗೆಲ್ಲ ಕತ್ತಲಾಗಿತ್ತು. ಆ ನೀಲಿ ದೀಪ ಹಾಲ್‌ನ ಗೋಡೆ ಮೇಲೆ ಸುತ್ತುತ್ತಲೇ ಇತ್ತು.

ಏನಾಯಿತು ಅಂತ ನನಗೆ ಗೊತ್ತಿಲ್ಲ. ಗಂಡ ಹೆಂಡತಿಗೆ ಮಾತು ಬೆಳೆಯಿತು. ಪ್ರತೀಕ್ಷಾ ಏನಾದರೂ ಎದುರು ಹೇಳಿರಬೇಕು. ನಾನು ನನ್ನ ಕೋಣೆಯಲ್ಲಿ ಸಿರಿಗೆ ಟ್ಯಾಬ್‌ನಲ್ಲಿ ಕಾರ್ಟೂನ್ ಹಾಕಿಕೊಟ್ಟು ಕೂತಿದ್ದೆ. ಏನೂ ಕೇಳಿಸಲಿಲ್ಲ. ಪೊಲೀಸ್ ಹೆಂಗಸು ಎರಡು ಸಲ ಕೇಳಿದಳು, ಎರಡು ಸಲವೂ ಅದನ್ನೇ ಹೇಳಿದೆ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು, ಪೊಲೀಸರ ಮುಂದೆ ಹೇಗೆ ಮಾತಾಡಬೇಕು ಅಂತ ನನಗೆ ಗೊತ್ತು.

ಸೊಸೆಯೂ ಹೇಳಿಕೆ ಕೊಡಲಿಲ್ಲ. ತುಟಿಗೆ ಟಿಶ್ಯೂ ಒತ್ತಿ ಹಿಡಿದು ಸುಮ್ಮನೆ ಕೂತಿದ್ದಳು. ಇಬ್ಬರೂ ಏನೂ ಹೇಳದ ಮೇಲೆ ಬಿಟ್ಟು ಕಳಿಸುತ್ತಾರೆ ಅಂತ ಚಪಾತಿ ಹಿಟ್ಟು ಕಲಸಿಟ್ಟೆ. ಇವತ್ತು ಮಧ್ಯಾಹ್ನ ಬಂದು ಒಂದು ನೋಟಿಸು ಓದಿ ಹೇಳಿದರು. ಕೇಸ್ ಹಾಕುವಷ್ಟು ಸಾಕ್ಷಿ ಸದ್ಯಕ್ಕಿಲ್ಲ, ಆದರೆ ಅವನು ಮನೆಗೆ ಬರುವ ಹಾಗಿಲ್ಲ. ಮುಂದಿನದನ್ನು ಎರಡು ದಿನದೊಳಗೆ ಕೋರ್ಟು ಹೇಳುತ್ತದಂತೆ.

ಅವನದೇ ಮನೆ. ಬಾಡಿಗೆ ಅವನ ಹೆಸರಿನಲ್ಲಿದೆ.

ಅಕ್ಟೋಬರ್ 30, ಬುಧವಾರ

ಇಪ್ಪತ್ತೆಂಟು ದಿನ. ಮ್ಯಾಜಿಸ್ಟ್ರೇಟ್ ಆರ್ಡರ್ ಮಾಡಿದ್ದಾರೆ. ನವೆಂಬರ್ ಇಪ್ಪತ್ತೇಳರವರೆಗೆ ಭಾರ್ಗವ ಈ ಮನೆಗೆ ಬರುವಂತಿಲ್ಲ, ಈ ಬೀದಿಗೆ ಕಾಲಿಡುವಂತಿಲ್ಲ, ಪ್ರತೀಕ್ಷಾಗೆ ಫೋನ್ ಮಾಡುವಂತಿಲ್ಲ, ಬೇರೆಯವರ ಕೈಲಿ ಹೇಳಿಕಳಿಸುವಂತೆಯೂ ಇಲ್ಲ. ಮೀರಿದರೆ ಮತ್ತೆ ಅರೆಸ್ಟು. ನನ್ನ ಜೊತೆ ಮಾತಾಡಬಹುದು, ನಾನು ಹೋಗಿ ನೋಡಬಹುದು.

"ಬೇಡ ಅಂತ ನೀನೇ ಹೇಳಬಹುದಿತ್ತಲ್ಲ" ಅಂದೆ ಪ್ರತೀಕ್ಷಾಗೆ.

"ನನ್ನನ್ನ ಕೇಳಲ್ವಂತೆ ಅತ್ತೆ. ನಾನು ಬೇಕು ಅಂದ್ರೂ ಬೇಡ ಅಂದ್ರೂ ಪೊಲೀಸರೇ ಕೇಳಿ ಕೋರ್ಟಲ್ಲಿ ಆರ್ಡರ್ ತಗೋಬಹುದಂತೆ."

ಅಷ್ಟು ಹೇಳಿ ಪಾತ್ರೆ ತೊಳೆಯುವುದಕ್ಕೆ ನಿಂತಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಭಾರ್ಗವ ಕ್ರೋಯ್ಡನ್‌ನಲ್ಲಿ ಗೋಪೀನಾಥನ ಫ್ಲಾಟ್‌ನಲ್ಲಿದ್ದಾನೆ. ಇಬ್ಬರೂ ಒಂದೇ ಆಫೀಸು. ಗೋಪೀನಾಥನ ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದಾಳೆ, ಒಂದು ಕೋಣೆ ಖಾಲಿ ಇದೆಯಂತೆ.

ನವೆಂಬರ್ 1, ಶುಕ್ರವಾರ

ದೀಪಾವಳಿ. ಎಣ್ಣೆ ಒತ್ತಿಸಿಕೊಳ್ಳಲು ಸಿರಿ ಮಾತ್ರ ಸಿಕ್ಕಳು. ಐದು ವರ್ಷದ ಮಗು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಈಸ್ ಡ್ಯಾಡ್ ಕಮಿಂಗ್ ಟುಡೇ, ಅಜ್ಜಿ?" ಅಂದಳು. ಇಲ್ಲ ಕಂದ ಅಂದೆ. "ಓಕೆ" ಅಂತ ತಲೆ ಮುಂದೆ ಬಗ್ಗಿಸಿ ಕೂತಳು. ಮತ್ತೆ ಕೇಳಲಿಲ್ಲ.

ಹನ್ನೊಂದಕ್ಕೆ ಅವನ ಫೋನು. ಹಬ್ಬದ ದಿನ ಗಂಡುಮಗ ಬಿಕ್ಕಿ ಬಿಕ್ಕಿ ಅತ್ತ. "ಒಂದೇ ಒಂದು ನಿಮಿಷ ಅವಳ ಕೈಗೆ ಫೋನ್ ಕೊಡಮ್ಮ, ಸಾರಿ ಕೇಳ್ತೀನಿ." ನನ್ನ ಕರುಳು ತಡೆಯಲಿಲ್ಲ. ಪ್ರತೀಕ್ಷಾ ಕಜ್ಜಾಯ ಕರಿಯುತ್ತಿದ್ದಳು. ಫೋನ್ ಮುಂದೆ ಹಿಡಿದೆ. ಹಾವು ಕಂಡವಳ ಹಾಗೆ ಹಿಂದಕ್ಕೆ ಸರಿದಳು, ಬೆನ್ನು ಫ್ರಿಜ್‌ಗೆ ತಾಗಿತು.

"ಕಟ್ ಮಾಡಿ ಅತ್ತೆ. ಅವರು ನನ್ನ ಜೊತೆ ಮಾತಾಡೋ ಹಾಗಿಲ್ಲ. ಸಿಕ್ಕಿಹಾಕ್ಕೊಂಡ್ರೆ ಅವರಿಗೇ ತೊಂದ್ರೆ."

ಅವಳು ಅಷ್ಟು ಮೆಲ್ಲಗೆ ಹೇಳಿದ್ದು ಫೋನಿನಲ್ಲಿ ಅವನಿಗೆ ಕೇಳಿಸಿತು. "ನೋಡು, ಎಷ್ಟು ಕೊಬ್ಬು" ಅಂದ. ಆಗ ಅಳು ಇರಲಿಲ್ಲ ದನಿಯಲ್ಲಿ.

ಅಂಗಿಗೆ ಎಣ್ಣೆ ಹಾರುತ್ತದೆ ಅಂತ ಪ್ರತೀಕ್ಷಾ ತೋಳು ಮೇಲಕ್ಕೆ ಮಡಚಿದ್ದಳು. ಮೇಲ್ತೋಳಿನಲ್ಲಿ ಹಸಿರು ತಿರುಗುತ್ತಿರುವ ಕಂದಿದ ಗುರುತು, ನಾಲ್ಕು ಬೆರಳಿನದು, ಐದಾರು ದಿನದ್ದು. ಅದರ ಕೆಳಗೆ ಇನ್ನೊಂದು, ತೆಳು ಹಳದಿ, ಅಳಿಸಿಹೋಗುತ್ತಿರುವುದು. ಅದು ಎರಡು ವಾರದ್ದಾದರೂ ಇರಬೇಕು. ವೃತ್ತಿಯಿಂದ ಬಂದ ಕಣ್ಣು, ಬೇಡ ಅಂದರೂ ಲೆಕ್ಕ ಹಾಕುತ್ತದೆ. ಎಲ್ಲಾದರೂ ಬಾಗಿಲಿಗೆ ತಾಗಿಸಿಕೊಂಡಿರಬಹುದು. ಈ ಮನೆಯ ಬಾಗಿಲುಗಳೆಲ್ಲ ತಾವಾಗಿ ಮುಚ್ಚಿಕೊಳ್ಳುತ್ತವೆ.

ನವೆಂಬರ್ 4, ಸೋಮವಾರ

ರಜೆ ಮುಗಿದು ಸಿರಿಯ ಸ್ಕೂಲು ಶುರುವಾಯಿತು. ಮೆಟ್ಟಿಲಲ್ಲಿ ಕೆಳಗಿನ ಮನೆಯ ಫ್ಲಾವಿಯಾ ಸಿಕ್ಕಳು. ಉಡುಪಿ ಹತ್ತಿರ ಶಿರ್ವದ ಕಡೆಯ ಕೊಂಕಣಿಯವರು, ಗಂಡ ಇಲ್ಲ, ವೃದ್ಧಾಶ್ರಮದಲ್ಲಿ ಕೆಲಸ. ಮುಖ ತಿರುಗಿಸಿ ಹೋಗುತ್ತಿದ್ದೆ, ಅವಳೇ ನಿಲ್ಲಿಸಿದಳು.

"ಪೊಲೀಸಿಗೆ ಫೋನ್ ಮಾಡಿದ್ದು ನಾನು ಅಮ್ಮ. ನಿಮ್ಮ ಸೊಸೆ ಅಲ್ಲ. ಅವಳ ಮೇಲೆ ಸಿಟ್ಟು ಮಾಡುದು ಬೇಡ."

"ನಮ್ಮ ಮನೆ ವಿಷಯ ನಿಮಗ್ಯಾಕೆ?"

"ನನ್ನ ತಲೆ ಮೇಲೆಯೇ ಆಗುದಲ್ವಾ? ಎಲ್ಲ ಕೇಳ್ತದೆ ನಂಗೆ. ಎರಡು ವರ್ಷದಿಂದ ಕೇಳ್ತಾ ಉಂಟು."

ಸರಸರ ಮೇಲೆ ಬಂದೆ. ಎಷ್ಟು ಧೈರ್ಯ.

ನವೆಂಬರ್ 7, ಗುರುವಾರ

ಮನೆಯಲ್ಲಿ ಒಂದು ಶಿಸ್ತು ಅಂತ ಇಲ್ಲವಾಗಿದೆ. ಪ್ರತೀಕ್ಷಾ ಮನಸ್ಸು ಬಂದಾಗ ವಾಷಿಂಗ್ ಮೆಷಿನ್ ಹಾಕುತ್ತಾಳೆ. ರಾತ್ರಿ ಪಾತ್ರೆ ಸಿಂಕಿನಲ್ಲೇ ಬಿಟ್ಟು ಮಲಗುತ್ತಾಳೆ. ಮೇಜಿನ ಹತ್ತಿರ ಕೂತು ಬಿಸಿಬಿಸಿಯಾಗಿ ಊಟ ಮಾಡುತ್ತಾಳೆ. ಮೊದಲು ನಿಂತುಕೊಂಡೇ ತಿನ್ನುತ್ತಿದ್ದಳು, ಬಾಗಿಲ ಕಡೆ ನೋಡುತ್ತ. ವಾರಕ್ಕೆರಡು ಸಲ ಯಾವುದೋ ಸಂಸ್ಥೆಯ ಹೆಂಗಸು ಫೋನ್ ಮಾಡುತ್ತಾಳೆ. ಆಗ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಮಾತಾಡುತ್ತಾಳೆ. ನನಗೆ ಕೇಳಬಾರದು ಅಂತ.

ಸಿರಿ ಹಜಾರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾಳೆ, ಕಿರುಚುತ್ತಾಳೆ. ಕೆಳಗಿನವರಿಗೆ ಸದ್ದಾಗುತ್ತದೆ ಅಂತ ಗದರಿದೆ. ಬೀಗ ತಿರುಗಿದ ಸದ್ದಾದರೆ ಟ್ಯಾಬ್ ಮುಚ್ಚಿಟ್ಟು ಹಾಸಿಗೆ ಮೇಲೆ ಕೈಕಟ್ಟಿ ಕೂರುತ್ತಿದ್ದ ಮಗು. ಮೈಸೂರಿನಿಂದ ಬಂದ ಈ ಒಂದೂವರೆ ತಿಂಗಳಿಂದ ನೋಡಿ, ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ಅಂದುಕೊಂಡಿದ್ದೆ.

ಹಾಸಿಗೆ ಒದ್ದೆ ಮಾಡುವುದು ನಿಂತಿದೆ. ಚಳಿಗೆ ಹಾಗಾಗುತ್ತಿತ್ತು ಅಂತ ಕಾಣುತ್ತದೆ. ಆದರೆ ಚಳಿ ಈಗಲೇ ಜಾಸ್ತಿ.

ನವೆಂಬರ್ 10, ಭಾನುವಾರ

ಬೇಸರಕ್ಕೆ ಅಡುಗೆಮನೆಯ ಕಪಾಟೆಲ್ಲ ಖಾಲಿ ಮಾಡಿ ಒರೆಸಿದೆ. ಮೇಲಿನ ಕಪಾಟಿನ ಬಾಗಿಲು ಒಡೆದು ಟೇಪ್ ಹಾಕಿದ್ದಾರೆ. ಮನೆ ಬದಲಾಯಿಸುವಾಗ ಸಾಮಾನು ಹೊರುವವರು ಒಡೆದರು ಅಂತ ಭಾರ್ಗವ ಹೇಳಿದ್ದ. ಟೇಪ್ ಹೊಸದು.

ಸ್ಟೂಲಿನ ಮೇಲೆ ನಿಂತವಳಿಗೆ ಯಾಕೋ ಹಳೆಯದೊಂದು ನೆನಪಾಯಿತು. ಪಿಯುಸಿಯಲ್ಲಿದ್ದಾಗ ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಬಟ್ಟಲು ಎಸೆದಿದ್ದ. ನನ್ನ ಕಿವಿಯ ಪಕ್ಕದಲ್ಲಿ ಹೋಗಿ ದೇವರ ಫೋಟೋಗೆ ಬಿತ್ತು. ಇವರು ಆಫೀಸಿನಿಂದ ಬರುವ ಹೊತ್ತಿಗೆ ಗಾಜು ಗುಡಿಸಿ, ಬೆಕ್ಕು ಬೀಳಿಸಿತು ಅಂದೆ. ಇವರು ಬದುಕಿದ್ದಷ್ಟು ಕಾಲ ಒಂದು ದಿನ ಕೈ ಎತ್ತಿದ ಮನುಷ್ಯರಲ್ಲ. ಅವರಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ ಅಂತ. ಆಮೇಲೂ ನಾಲ್ಕೈದು ಸಲ ಬೆಕ್ಕು ಏನೇನೋ ಬೀಳಿಸಿತು. ನಾವು ಬೆಕ್ಕು ಸಾಕಿರಲಿಲ್ಲ. ಹರೆಯದ ಹುಡುಗರು ಹಾಗೆಯೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕಪಾಟನ್ನು ಹೇಗಿತ್ತೋ ಹಾಗೆ ಜೋಡಿಸಿಟ್ಟೆ.

ನವೆಂಬರ್ 13, ಬುಧವಾರ

ಭಾರ್ಗವ ಫೋನಿನಲ್ಲಿ ಒಂದು ಕೆಲಸ ಹೇಳಿದ. ಮಲಗುವ ಕೋಣೆಯ ಬೀರುವಿನಲ್ಲಿ ಕಪ್ಪು ಫೈಲಿದೆ, ಅದರಲ್ಲಿ ಪ್ರತೀಕ್ಷಾದೂ ಸಿರಿದೂ ಪಾಸ್‌ಪೋರ್ಟ್ ಇವೆ, ಶನಿವಾರ ಕ್ರೋಯ್ಡನ್‌ಗೆ ಬರುವಾಗ ತಗೊಂಡು ಬಾ, ಅವಳಿಗೆ ಹೇಳಬೇಡ.

ಅವಳು ಸ್ನಾನಕ್ಕೆ ಹೋದಾಗ ತೆಗೆದೆ. ನನ್ನ ಬ್ಯಾಗಿನಲ್ಲಿ, ಬಿಪಿ ಮಾತ್ರೆಯ ಡಬ್ಬಿಯ ಕೆಳಗಿದೆ. ಅವನ ಹೆಂಡತಿ ಮಗಳ ಪಾಸ್‌ಪೋರ್ಟ್ ಅವನ ಹತ್ತಿರ ಇದ್ದರೆ ತಪ್ಪೇನು. ಸಂಜೆ ಪ್ರತೀಕ್ಷಾ, "ಯಾಕೆ ಅತ್ತೆ, ಬ್ಯಾಗ್ ಹೆಗಲಿಗೇ ಹಾಕ್ಕೊಂಡು ಓಡಾಡ್ತಿದ್ದೀರಿ?" ಅಂತ ಕೇಳಿದಳು.

ನವೆಂಬರ್ 16, ಶನಿವಾರ

ಕ್ರೋಯ್ಡನ್‌ಗೆ ಹೋಗಿ ಬಂದೆ. ಬಾಲ್ಹಮ್‌ನಲ್ಲಿ ರೈಲು ಬದಲಿಸಿ, ಆಮೇಲೆ ಟ್ರಾಮು, ಒಬ್ಬಳೇ. ಭಾರ್ಗವ ಇಳಿದುಹೋಗಿದ್ದಾನೆ. ಮೆಂತ್ಯ ಚಪಾತಿ ತಿಂದ. ಪಾಸ್‌ಪೋರ್ಟ್ ಕೊಡಲಾಗಲಿಲ್ಲ. ಬರುವಾಗ ಟ್ರಾಮಿನ ಕಂಬಿಗೆ ಕೈ ತಾಗಿ ಮಣಿಕಟ್ಟು ನೋಯುತ್ತಿದೆ. ಸುಸ್ತು.

ನವೆಂಬರ್ 17, ಭಾನುವಾರ

ನಿನ್ನೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗೋಸ್ಕರ ಸುಳ್ಳು ಬರೆದೆ ಅಂತ ಬೆಳಿಗ್ಗೆ ಐದರಿಂದ ಯೋಚಿಸುತ್ತಿದ್ದೇನೆ. ಟ್ರಾಮಿನ ಕಂಬಿ ತಾಗಲಿಲ್ಲ.

ಬಾಗಿಲು ತೆಗೆದವನು ಕಾಲಿಗೆ ನಮಸ್ಕಾರ ಮಾಡಿದ. "ನಿನ್ ಕೈ ಊಟ ತಿಂದು ಮೂರು ವಾರ ಆಯ್ತಮ್ಮ" ಅಂತ ಕೋಣೆಯಲ್ಲೇ ಮಂಚದ ಮೇಲೆ ಕೂತು ಐದು ಚಪಾತಿ ತಿಂದ. ನನಗೆ ಅಷ್ಟೇ ಸಾಕಾಗಿತ್ತು. ಗೋಪೀನಾಥ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ. ಕೈ ತೊಳೆದು ಬಂದು ಭಾರ್ಗವ ಕೇಳಿದ, "ತಂದ್ಯಾ?"

"ನಿನಗ್ಯಾಕೋ ಅದು?"

"ಮಗೂನ ಎತ್ಕೊಂಡು ಓಡಿಹೋದ್ರೆ?"

"ಎಲ್ಲಿಗೆ ಓಡ್ತಾಳೋ, ಪಾಪ."

ಪಾಪ ಅನ್ನುವುದು ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಅವನ ಮುಖ ನೋಡುತ್ತಿದ್ದ ಹಾಗೆ ಬದಲಾಯಿತು. "ಪಾಪಾನಾ? ನಿನ್ ತಲೇನೂ ಕೆಡಿಸಿದ್ಲಾ?" ಅಂತ ಬ್ಯಾಗಿಗೆ ಕೈ ಹಾಕಿದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮಣಿಕಟ್ಟು ಹಿಡಿದು ತಿರುಚಿದ. ಕಿರುಚಲಿಲ್ಲ, "ಭಾರ್ಗವ, ಕೈ" ಅಂದೆ ಅಷ್ಟೆ. ಅವನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಹೇಳುತ್ತಲೇ ಇದ್ದ. "ಅವಳ ವೀಸಾ ನನ್ನ ಮೇಲಿದೆ. ಪಾಸ್‌ಪೋರ್ಟ್ ನನ್ನ ಹತ್ರ ಇದ್ರೆ ಇಪ್ಪತ್ತೆಂಟನೇ ದಿನ ತಾನಾಗೇ ಬಂದು ಕಾಲಿಗೆ ಬೀಳ್ತಾಳೆ. ಆಮೇಲೆ ತೋರಿಸ್ತೀನಿ ನಾನು."

ಆಗ ಹೊರಗೆ ಟಿವಿಯ ಸೌಂಡು ಜಾಸ್ತಿಯಾಯಿತು. ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಏರಿತು. ಗೋಪೀನಾಥ ಒಳ್ಳೆಯ ಹುಡುಗ, ನನ್ನನ್ನು ಕರೆದೊಯ್ಯಲು ಟ್ರಾಮ್ ಸ್ಟೇಷನ್‌ಗೆ ಬಂದಿದ್ದ. ಆ ಸೌಂಡು ಏರಿದ್ದು ಕೇಳಿ ನನಗೆ ಕೈನೋವು ಮರೆತೇಹೋಯಿತು.

"ಸಿಗಲಿಲ್ಲ ಕಣೋ. ಫೈಲು ಅಲ್ಲಿರಲಿಲ್ಲ. ಬ್ಯಾಗಲ್ಲಿ ನನ್ನ ಮಾತ್ರೆ ಇದೆ, ಬಿಡು."

ಬಿಟ್ಟ. ತಕ್ಷಣ ಅಳು, ಸಾರಿ ಅಮ್ಮ, ಟೆನ್ಷನ್ ಅಮ್ಮ, ನೀನೊಬ್ಬಳೇ ನನಗಿರೋದು. ತಲೆ ಸವರಿದೆ. ಸವರಿದೆ, ಅದನ್ನೂ ಬರೆಯಬೇಕಲ್ಲ. ಟ್ರಾಮಿನವರೆಗೆ ಗೋಪೀನಾಥ ಬಂದ. "ಇಲ್ಲಿ ನವೆಂಬರ್ ಬಂದ್ರೆ ಎಲ್ಲರಿಗೂ ಹಿಂಗೇ ಆಂಟಿ, ಬಿಸಿಲೇ ಇರಲ್ವಲ್ಲ" ಅಂದ. ನನ್ನ ಕೈ ಕಡೆ ನೋಡಲಿಲ್ಲ.

ನವೆಂಬರ್ 18, ಸೋಮವಾರ

ಪಾಸ್‌ಪೋರ್ಟ್ ಎರಡನ್ನೂ ಪ್ರತೀಕ್ಷಾಳ ಮುಂದೆ ಮೇಜಿನ ಮೇಲಿಟ್ಟೆ. "ನಾನೇ ತೆಗೆದಿದ್ದೆ. ನನಗೂ ಸಿಗದ ಹಾಗೆ ಇಟ್ಟುಕೋ" ಅಂದೆ. ಬೈಯುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ನನ್ನ ಮಣಿಕಟ್ಟು ನೋಡಿದಳು. ಫ್ರೀಜರ್‌ನಿಂದ ಬಟಾಣಿ ಪ್ಯಾಕೆಟ್ ತೆಗೆದು ಟವೆಲ್ ಸುತ್ತಿ ಕೈ ಮೇಲಿಟ್ಟಳು. ಎಷ್ಟು ಹೊತ್ತು ಇಡಬೇಕು ಅಂತ ಅವಳಿಗೆ ಗೊತ್ತಿತ್ತು. ಹತ್ತು ನಿಮಿಷ, ಆಮೇಲೆ ತೆಗೆದು, ಮತ್ತೆ ಹತ್ತು ನಿಮಿಷ. ನಾನು ಯಾವತ್ತೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಆವತ್ತು ನೀವು ಟ್ಯಾಬ್ ಸೌಂಡ್ ಜಾಸ್ತಿ ಮಾಡಿದ್ದು ನನಗೆ ಕೇಳಿಸ್ತು ಅತ್ತೆ" ಅಂದಳು ಎರಡನೆಯ ಹತ್ತು ನಿಮಿಷದಲ್ಲಿ.

"ಮಗುವಿಗೆ ಕೇಳಿಸಬಾರದು ಅಂತ…"

"ನಾನು ಕೆಳಗೆ ಬಿದ್ದಿದ್ದೆ. ಈಗ ಅತ್ತೆ ಬರ್ತಾರೆ, ಈಗ ಬಾಗಿಲು ತೆಗೀತಾರೆ ಅಂತ ನೋಡ್ತಿದ್ದೆ. ಸೌಂಡ್ ಜಾಸ್ತಿ ಆಯ್ತು."

ದನಿ ಎತ್ತಲಿಲ್ಲ, ಅಳಲಿಲ್ಲ. ಬಟಾಣಿಯನ್ನು ವಾಪಸ್ ಫ್ರೀಜರ್‌ಗೆ ಇಟ್ಟು ಸಿರಿಯನ್ನು ಕರೆತರಲು ಹೋದಳು.

ನವೆಂಬರ್ 20, ಬುಧವಾರ

ಬೆಳಿಗ್ಗೆ ಇಲ್ಲಿಯ ಹುಲ್ಲಿನ ಬಯಲು ಕಾಮನ್‌ನಲ್ಲಿ ನಾಲ್ಕು ಸುತ್ತು ನಡೆದೆ. ಮಧ್ಯಾಹ್ನ ಮತ್ತೆ ಮೂರು. ಹುಲ್ಲಿನ ಮೇಲೆ ಮಂಜು ಕರಗಿರಲಿಲ್ಲ, ಸಾಕ್ಸ್ ಒದ್ದೆಯಾಯಿತು.

ಕ್ಯಾಷುವಾಲ್ಟಿಯಲ್ಲಿ ಇದ್ದಷ್ಟು ವರ್ಷ ರಿಜಿಸ್ಟರ್ ಬರೆದವಳು ನಾನು. ತಲೆ ಒಡೆದ ಹೆಂಗಸು ಮಂಚದ ಮೇಲೆ, ಪಕ್ಕದಲ್ಲಿ ಗಂಡನೋ ಅತ್ತೆಯೋ. ಏನಾಯ್ತಮ್ಮ ಅಂತ ಕೇಳಿದರೆ ಪಕ್ಕದಲ್ಲಿದ್ದವರೇ ಉತ್ತರ ಹೇಳುತ್ತಿದ್ದರು. "ಬಚ್ಚಲಲ್ಲಿ ಜಾರಿ ಬಿದ್ದದ್ದು" ಅಂತ ಬರೆಯುತ್ತಿದ್ದೆ. ನನ್ನ ಕೈಬರಹ ಚೆನ್ನಾಗಿದೆ ಅಂತ ಡಾಕ್ಟರು ಹೊಗಳುತ್ತಿದ್ದರು. ಒಬ್ಬಳು ನನ್ನ ಸೆರಗು ಹಿಡಿದುಕೊಂಡಿದ್ದಳು, ಬಿಡಿಸಿಕೊಂಡು ಮುಂದಿನ ಮಂಚಕ್ಕೆ ಹೋದೆ. ಅವಳ ಮುಖ ನೆನಪಿಲ್ಲ, ಎಷ್ಟು ಯತ್ನಿಸಿದರೂ.

ಏಳು ದಿನ ಉಳಿದಿದೆ. ಇಪ್ಪತ್ತೇಳು ಕಳೆದರೆ ಅವನು ಬೀಗದಕೈ ಹಿಡಿದು ಬರುತ್ತಾನೆ.

ಆ ಪೊಲೀಸ್ ಹೆಂಗಸು ಕೊಟ್ಟ ಕಾರ್ಡು ಫ್ರಿಜ್ ಮೇಲಿದೆ.

ನವೆಂಬರ್ 22, ಶುಕ್ರವಾರ

ಫ್ಲಾವಿಯಾ ಜೊತೆ ಬಂದಳು. ನಾನೇ ಹೋಗಿ ಕೇಳಿದ್ದೆ. ಬಾಗಿಲು ತೆಗೆದವಳು "ಬೂಟು ಹಾಕಿ ಬರ್ತೇನೆ" ಅಂದಳು, ಎಲ್ಲಿಗೆ ಅಂತಲೂ ಕೇಳಲಿಲ್ಲ.

ಸ್ಟೇಷನ್‌ನಲ್ಲಿ ಅದೇ ಪೊಲೀಸ್ ಹೆಂಗಸು. ನನ್ನ ಇಂಗ್ಲಿಷು ಸಾಕು ಅಂದುಕೊಂಡಿದ್ದೆ, ಆದರೆ ಅವಳು, ನಿಮ್ಮ ಭಾಷೆಯಲ್ಲೇ ಹೇಳಿ, ಒಂದು ಮಾತೂ ತಪ್ಪಬಾರದು ಅಂತ ಫೋನಿನಲ್ಲಿ ದುಭಾಷಿಯನ್ನು ಹಿಡಿದಳು. ಸ್ಪೀಕರಿನಿಂದ ಧಾರವಾಡದ ಹೆಣ್ಣುದನಿ ಬಂತು. "ಹೇಳ್ರಿ ಅಮ್ಮಾರ, ಅವಸರಿಲ್ಲ." ಎಷ್ಟೋ ದಿನದ ಮೇಲೆ ಯಾರೋ ಊರಿಂದ ಬಂದ ಹಾಗಾಯಿತು, ಕುಡಿಯಲು ಕೇಳಿದೆ. ನೀರು ಕೊಟ್ಟರು.

ನಾನು "ನನ್ನ ಮಗ" ಅಂದರೆ ಅವಳು "ಮೈ ಸನ್" ಅನ್ನುತ್ತಿದ್ದಳು. ಬೇರೊಬ್ಬ ತಾಯಿ ತನ್ನ ಮಗನ ಮೇಲೆ ದೂರು ಹೇಳುತ್ತಿರುವ ಹಾಗೆ. ಅದರಿಂದ ಸ್ವಲ್ಪ ಸುಲಭವಾಯಿತು.

ಎಲ್ಲ ಹೇಳಿದೆ. ಪ್ರತೀಕ್ಷಾ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಅಂತ ಅವನಿಗೆ ಗೊತ್ತಾದದ್ದು. "ಯಾರನ್ನ ಕೇಳಿ ಹಾಕ್ದೆ?" ಅಂತ ಮೂರು ಸಲ ಕೇಳಿದ್ದು. ಮೊದಲ ಏಟಿನ ಸದ್ದು. ಕುರ್ಚಿ ಉರುಳಿದ್ದು. "ಬೇಡ, ಮಗು ಇದೆ" ಅಂತ ಅವಳು ಅಂದದ್ದು. ತಲೆ ಕಪಾಟಿಗೆ ಹೊಡೆದ ಸದ್ದು, ಅದು ಎರಡು ಸಲ. ಅಕ್ಟೋಬರ್ ಮಧ್ಯದ ಒಂದು ಗುರುವಾರ ಕೇಳಿದ್ದನ್ನೂ ಹೇಳಿದೆ. ಆವತ್ತು ಅವಳು ಅತ್ತದ್ದು, ಬೆಳಿಗ್ಗೆ ತುಂಬುತೋಳಿನ ಅಂಗಿ ಹಾಕಿ ಬಂದದ್ದು, ನಾನು ಕಾಫಿ ಕೇಳಿದ್ದು. ನನ್ನ ಮಣಿಕಟ್ಟು ತೋರಿಸಿದೆ. ಫೋಟೋ ತೆಗೆದರು.

"ಟ್ಯಾಬ್‌ನ ಸೌಂಡ್ ಯಾಕೆ ಜಾಸ್ತಿ ಮಾಡಿದಿರಿ?" ಅಂತ ಪೊಲೀಸ್ ಹೆಂಗಸು ಕೇಳಿಸಿದಳು.

"ಮಗುವಿಗೆ ಕೇಳಿಸಬಾರದು ಅಂತ."

ಧಾರವಾಡದವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಮುಗಿಸಿದಳು. ಟೈಪ್ ಮಾಡುವ ಸದ್ದು ನಿಂತಿತು.

"ನನಗೂ ಕೇಳಿಸಬಾರದು ಅಂತ" ಅಂದೆ.

ಧಾರವಾಡದವಳು ಅದನ್ನೂ ಹೇಳಿದಳು.

ಮೂರು ಪುಟವಾಯಿತು. ಪ್ರತಿ ಪುಟಕ್ಕೂ ಸಹಿ. ಹೊರಗೆ ಬಂದೆವು. ಫ್ಲಾವಿಯಾ ಬಸ್‌ಸ್ಟಾಪಿನಲ್ಲಿ ಕೂರಿಸಿ, "ಎಂಥದೂ ಮಾತಾಡುದು ಬೇಡ ಈಗ" ಅಂದಳು. ನಾಲ್ಕು ಬಸ್ಸು ಬಿಟ್ಟು ಐದನೆಯದಕ್ಕೆ ಹತ್ತಿದೆವು.

ನವೆಂಬರ್ 24, ಭಾನುವಾರ

ನಿನ್ನೆ ಕ್ರೋಯ್ಡನ್‌ನಲ್ಲಿ ಅವನನ್ನು ಹಿಡಿದರು. ಈ ಸಲ ಕೇಸ್ ಹಾಕಿ ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಕೋರ್ಟು ಮುಗಿಯುವವರೆಗೆ ಈ ಮನೆಯ ಹತ್ತಿರ ಬರುವಂತಿಲ್ಲ, ಪ್ರತೀಕ್ಷಾಳ ಹತ್ತಿರ ಮಾತಾಡುವಂತಿಲ್ಲ. ನನ್ನ ಹತ್ತಿರವೂ ಮಾತಾಡುವಂತಿಲ್ಲ. ನಾನು ಸಾಕ್ಷಿಯಂತೆ.

ಅದು ನನಗೆ ಹೊಳೆದಿರಲಿಲ್ಲ. ಅವನ ದನಿ ಕೇಳುವುದೂ ನಿಲ್ಲುತ್ತದೆ ಅಂತ.

ಗೋಪೀನಾಥ ಫೋನ್ ಮಾಡಿ, "ನೀವು ತಾಯೀನಾ ಆಂಟಿ?" ಅಂದ. ಮೈಸೂರಿನಿಂದ ತಮ್ಮ ಆನಂದತೀರ್ಥ. "ಅಕ್ಕ, ಐದನೇ ತಾರೀಕು ಟಿಕೆಟ್ ಇದೆಯಲ್ಲ, ಸುಮ್ನೆ ಹತ್ತಿ ಬಂದ್ಬಿಡು. ನೀನು ಅಲ್ಲಿಲ್ಲ ಅಂದ್ರೆ ಕೇಸು ತಾನಾಗೇ ಬಿದ್ದೋಗುತ್ತೆ. ನಿನ್ನ ಯಾರೂ ಏನೂ ಕೇಳಲ್ಲ." ಹೂಂ ಅಂದೆ. ಅವನಿಗೆ ಸಮಾಧಾನವಾಯಿತು. ನನಗೂ ಒಂದು ಕ್ಷಣ ಆಯಿತು, ನಿಜ. ಕೇಳಿದ ಕೂಡಲೇ ಮನಸ್ಸಿನಲ್ಲಿ ಸೂಟ್‌ಕೇಸ್ ಜೋಡಿಸತೊಡಗಿದ್ದೆ.

ನವೆಂಬರ್ 25, ಸೋಮವಾರ

ಪ್ರತೀಕ್ಷಾ ಕಾಫಿ ಮಾಡಿ ಎದುರಿಗೆ ಕೂತಳು. ಹೇಳುವುದಕ್ಕೆ ಮೊದಲು ಲೋಟವನ್ನು ಮೂರು ಸಲ ತಿರುಗಿಸಿದಳು.

"ನೀವು ಮಾಡಿದ್ದು ಸಣ್ಣದಲ್ಲ ಅತ್ತೆ. ನನಗೆ ಗೊತ್ತು. ಆದ್ರೆ ನನಗೆ ಈ ಮನೇಲಿ ನಿಮ್ಮ ಜೊತೆ ಇರೋಕೆ ಆಗ್ತಿಲ್ಲ. ನಿಮ್ಮ ಕೋಣೆ ಬಾಗಿಲು ನೋಡಿದಾಗೆಲ್ಲ…"

"ಆಯ್ತಮ್ಮ."

"ಕೋಪ ಅಲ್ಲ."

"ಕೋಪ ಇದ್ದರೂ ಆಯ್ತು."

ಸಂಜೆಗೆ ಸೂಟ್‌ಕೇಸ್ ತುಂಬಿಕೊಂಡು ಕೆಳಗೆ ಫ್ಲಾವಿಯಾಳ ಮನೆಗೆ ಬಂದೆ. ಅವಳ ಹಾಲ್‌ನ ಸೋಫಾ ಬಿಚ್ಚಿದರೆ ಹಾಸಿಗೆ. ಗೋಡೆಯ ಮೇಲೆ ಮೇರಿಯ ಚಿತ್ರ, ಅದರ ಕೆಳಗೆ ನನ್ನ ಗುರುರಾಯರ ಫೋಟೋ ಇಟ್ಟುಕೊಳ್ಳಲು ಜಾಗ ಮಾಡಿಕೊಟ್ಟಳು. ಮೀನಿನ ಪಾತ್ರೆ ಬೇರೆ ಇಟ್ಟಿದ್ದೇನೆ ಅಂ‍ದಳು.

ಮೇಲೆ ಸಿರಿ ಓಡಿದ ಸದ್ದು ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತದೆ. ಎಲ್ಲವೂ ಕೇಳುತ್ತದೆ.

ನವೆಂಬರ್ 27, ಬುಧವಾರ

ಇಪ್ಪತ್ತೆಂಟು ದಿನ ಮುಗಿಯಿತು. ಬೀದಿಯಲ್ಲಿ ಕಾರು ನಿಂತಾಗೆಲ್ಲ ಕಿಟಕಿಗೆ ಹೋಗಿ ನೋಡಿದೆ. ಯಾರೂ ಬರಲಿಲ್ಲ.

ಡಿಸೆಂಬರ್ 5, ಗುರುವಾರ

ವಿಮಾನ ಒಂದೂಕಾಲಿಗೆ. ಆನಂದತೀರ್ಥ ಬೆಳಿಗ್ಗೆಯಿಂದ ಐದು ಸಲ ಫೋನ್ ಮಾಡಿದ. ಒಂಬತ್ತು ಗಂಟೆಗೆ ಎತ್ತಿ, "ನಾನು ಬರ್ತಿಲ್ಲ. ಜನವರಿ ಇಪ್ಪತ್ತೊಂದಕ್ಕೆ ಕೋರ್ಟಿದೆ. ಮಾರ್ಚ್‌ವರೆಗೆ ನನ್ನ ವೀಸಾ ಇದೆ" ಅಂದೆ.

"ಸ್ವಂತ ಮಗನಿಗೆ ಅಕ್ಕ! ಅವನ ಕೆಲಸ ಹೋಗುತ್ತೆ, ಹೆಸರು ಹೋಗುತ್ತೆ. ನಾಳೆ ನಿನ್ನ ನೋಡ್ಕೊಳೋರು ಯಾರು?"

"ಗೊತ್ತಿಲ್ಲಪ್ಪ."

ನಿಜವಾಗಿ ಗೊತ್ತಿಲ್ಲ. ಕೋರ್ಟಿನಲ್ಲಿ ಅವನು ಎದುರಿಗೇ ಕೂತಿರುತ್ತಾನೆ. ಪರದೆ ಹಾಕಿಸಿಕೊಡುತ್ತೇವೆ, ಅವನು ನಿಮಗೆ ಕಾಣುವುದಿಲ್ಲ ಅಂದಳು ಪೊಲೀಸ್ ಹೆಂಗಸು. ಬೇಡ ಅಂದೆ. ಆಮೇಲೆ ಬೇಕೇನೋ ಅನ್ನಿಸಿತು. ಇವತ್ತಿಗೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಒಂದೂಕಾಲು ದಾಟುವಾಗ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಈ ಮನೆಗೆ ಬಂದ ಮೇಲೆ ಮುಟ್ಟುವುದಕ್ಕೆ ಕಲಿತದ್ದು. ಕಸ ಹಾಕಲು ಹೊರಗೆ ಬಂದರೆ ಪ್ರತೀಕ್ಷಾ ಕೋಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ನನ್ನನ್ನು ನೋಡಿ ಕಂಬಿ ಹಿಡಿದು ನಿಂತಳು. ಹತ್ತು ದಿನದಿಂದ ನಾವು ಹೂಂ, ಹಾಂ ಅನ್ನುವುದು ಬಿಟ್ಟರೆ ಮಾತಾಡಿರಲಿಲ್ಲ.

"ಇವತ್ತಲ್ವಾ ಫ್ಲೈಟು?"

"ಹೌದು."

"ಹೋಗ್ಲಿಲ್ವಾ?"

"ಇಲ್ಲ."

ಗಡಿಯಾರ ನೋಡಿಕೊಂಡಳು. ಎರಡು ಮೆಟ್ಟಿಲು ಇಳಿದಳು, ತಿರುಗಿದಳು.

"ವೀಸಾ ವಿಷಯಕ್ಕೆ ಲಾಯರ್ ಹತ್ರ ಹೋಗ್ತಿದ್ದೀನಿ. ಮುಗಿಯೋದು ಎಷ್ಟೊತ್ತಾಗುತ್ತೋ. ಸಿರಿನ ಸ್ಕೂಲಿಂದ ಕರ್ಕೊಂಡು ಬರ್ತೀರಾ? ಮೂರೂಕಾಲಿಗೆ ಬಿಡ್ತಾರೆ. ನಾನು ಅವರಿಗೆ ಫೋನ್ ಮಾಡಿ ನಿಮ್ಮ ಹೆಸರು ಹೇಳಿರ್ತೀನಿ."

"ಬರ್ತೀನಿ" ಅಂದೆ.

ಎರಡೂವರೆಗೇ ಹೋಗಿ ಗೇಟಿನ ಮುಂದೆ ನಿಂತೆ. ಇನ್ನೂ ಯಾರೂ ಬಂದಿರಲಿಲ್ಲ.